ಅದು ‘ಸಿಕ್ಕ ಬಟ್ಟೆ’ ಅಲ್ಲ

ಕಳೆದ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ, ನಾನಿರುವ ಊರಿನ ವಿಶ್ವವಿದ್ಯಾಲಯವೊಂದರ ಆರ್ಟ್ ಗ್ಯಾಲರಿಯಲ್ಲಿ, ಗದಗ ಜಿಲ್ಲೆಯ ಒಬ್ಬ ತಾಯಿ ತಾನೇ ಹೊಲಿದ ಕೌದಿಯನ್ನು ಮುಟ್ಟಲು ಹೋಗಿ ಬೈಸಿಕೊಂಡರು. ಬೈದವನು ವಾಚ್‌ಮನ್. ಅವನ ತಪ್ಪೇನಿಲ್ಲ, ‘ಮುಟ್ಟಬೇಡಿ’ ಎಂದು ಹೇಳುವುದಕ್ಕೇ ಅವನಿಗೆ ಸಂಬಳ. ಅವನು ಹಿಂದಿಯಲ್ಲಿ ಹೇಳಿದ್ದು ಆ ತಾಯಿಗೆ ಅರ್ಥವಾಗಲಿಲ್ಲ. ದನಿ ಮಾತ್ರ ಅರ್ಥವಾಯಿತು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು.

ಆ ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹೀಗೆ, ಉಳಿದವೆಲ್ಲ ಸರಿಯಾಗಿವೆ ಎಂಬ ಸಮಾಧಾನ ನಿಮಗೆ ಸಿಕ್ಕಿಬಿಡುತ್ತದೆ. ಹದಿನಾಲ್ಕು ವರ್ಷಗಳಿಂದ ಕೆಲಸದ ನೆಪದಲ್ಲಿ ಮೂರು ನಗರಗಳನ್ನು ಸುತ್ತಿದ್ದೇನೆ. ಹೋದಲ್ಲೆಲ್ಲ ಕಾಲೇಜು, ವಿಶ್ವವಿದ್ಯಾಲಯಗಳ ಗ್ಯಾಲರಿಗಳನ್ನು ಹುಡುಕಿಕೊಂಡು ಹೋಗುವ ಚಟ ನನ್ನದು. ಟಿಕೆಟ್ ಇಲ್ಲ, ಜನ ಇಲ್ಲ, ಬೇಸಿಗೆಯಲ್ಲಿ ತಂಪು. ಎಲ್ಲ ಕಡೆಯೂ ಕಂಡದ್ದು ಹೆಚ್ಚುಕಡಿಮೆ ಒಂದೇ.

ಅಂದಿನ ಪ್ರದರ್ಶನ ಎಂಎಫ್‌ಎ ಕೊನೆಯ ವರ್ಷದ ವಿದ್ಯಾರ್ಥಿಗಳದ್ದು. ಕೌದಿಗಳನ್ನು ತೂಗುಹಾಕಿದ್ದ ಹುಡುಗಿ ನಮ್ಮ ಕನ್ನಡದವಳು ಎಂದು ಗೊತ್ತಾದದ್ದು ಅವಳು ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದಾಗ. ಊರು ಬಿಟ್ಟವರಿಗೆ ಈ ಕಿವಿ ಇರುತ್ತದೆ, ಸಂತೆಯ ಗದ್ದಲದಲ್ಲೂ ‘ಹೌದೇನ್’ ಅನ್ನುವುದು ಕೇಳಿಸುತ್ತದೆ. ಮಾತಾಡಿಸಿದೆ. ಮಗಳ ಪ್ರದರ್ಶನ ನೋಡಲೆಂದು ಅವಳ ಅವ್ವ ರೈಲು ಹತ್ತಿ ಬಂದಿದ್ದರು. ಜೀವನದಲ್ಲಿ ಮೊದಲ ಸಲ ಕರ್ನಾಟಕ ದಾಟಿದ್ದು.

ಆರು ಕೌದಿಗಳು. ಮೇಲಿನಿಂದ ಇಳಿಬಿಟ್ಟಿದ್ದಾರೆ, ಹಿಂದಿನಿಂದ ಬೆಳಕು. ಒಂದರ ಹಿಂದೆ ಒಂದು ನಿಂತಾಗ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳು ಬೆಳಕಿಗೆ ಬಿಚ್ಚಿಕೊಂಡು, ಹೊಲಿಗೆಯ ಸಾಲುಗಳು ಉತ್ತ ಹೊಲದ ಸಾಲುಗಳಂತೆ ಕಾಣುತ್ತಿದ್ದವು. ಕೆಲಸ ಚೆನ್ನಾಗಿತ್ತು, ಇದನ್ನು ಸ್ಪಷ್ಟವಾಗಿ ಹೇಳಬೇಕು. ಪಕ್ಕದ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟದಷ್ಟು ಬರಹ. ಮೇಲೆ ಕೃತಿಯ ಹೆಸರು, ಕಲಾವಿದೆಯ ಹೆಸರು, ನಂತರ ಮಾಧ್ಯಮ: ‘ಫೌಂಡ್ ಫ್ಯಾಬ್ರಿಕ್, ಕಾಟನ್ ಥ್ರೆಡ್’.

“ಏನ್ ಬರದಾರ ತಮ್ಮಾ, ಸ್ವಲ್ಪ ಓದಿ ಹೇಳು” ಅಂದರು ಆ ತಾಯಿ.

ಓದತೊಡಗಿದೆ. ‘ಜೆಂಡರ್ಡ್ ಲೇಬರ್’ ಬಂತು, ‘ಮೆಟೀರಿಯಾಲಿಟಿ’ ಬಂತು, ‘ಡೊಮೆಸ್ಟಿಕ್ ಆರ್ಕೈವ್’ ಬಂತು. ಕೇಳಿಸದ ಹೆಣ್ಣುದನಿಗಳನ್ನು ಕೇಳಿಸುವುದು ಈ ಕೃತಿಯ ಉದ್ದೇಶ ಎಂಬ ಅರ್ಥದ ಒಂದು ವಾಕ್ಯವೂ ಬಂತು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದು ತಿಂದವನು ನಾನು, ನಾಲ್ಕು ಸಾಲು ಕನ್ನಡ ಮಾಡಿ ಹೇಳಲು ತಡವರಿಸಿದೆ. ಕೊನೆಗೆ ‘ಫೌಂಡ್ ಫ್ಯಾಬ್ರಿಕ್’ ಒಂದನ್ನಾದರೂ ಸರಿಯಾಗಿ ಹೇಳೋಣ ಎಂದು “ಸಿಕ್ಕ ಬಟ್ಟೆಯಿಂದ ಮಾಡಿದ್ದು ಅಂತ ಬರೆದಿದ್ದಾರಮ್ಮ” ಅಂದೆ.

ಅವರು ನನ್ನನ್ನೇ ನೋಡಿದರು. “ಸಿಕ್ಕದ್ದಲ್ಲ ತಮ್ಮಾ, ನಂದು. ಆ ಕೆಂಪಂದು ಐತಲ್ಲ, ಅದರ ಒಳಗ ನಮ್ಮತ್ತೀ ಸೀರಿ ಐತಿ. ಈಕೀನ ಅದರಾಗ ಮಲಗಿಸಿದ್ದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಇದರಾಗ ನನ್ನ ಹೆಸರು ಎಲ್ಲೈತಿ?”

ಇರಲಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಹುಡುಗಿಯನ್ನು ದೂರುವುದು ಸುಲಭ. ನಾನೂ ಒಂದು ಗಳಿಗೆ ದೂರಿದೆ. ಆದರೆ ಅವಳು ಹೇಳಿದ್ದು ಕೇಳಿ: “ಕನ್ನಡದಾಗ ವಿಚಾರ ಮಾಡಿದೆ ಅಣ್ಣಾ. ಇಂಗ್ಲಿಷ್‌ನ್ಯಾಗ ಬರದೆ. ಗೈಡ್ ತಿದ್ದಿದ್ರು. ತಿದ್ದಿದ ಮ್ಯಾಲ ನನಗೂ ತಿಳೀಲಿಲ್ಲ.” ಅವ್ವನ ಹೆಸರು ಮೊದಲ ಕರಡಿನಲ್ಲಿ ಇತ್ತಂತೆ. ಅದು ‘ಸೆಂಟಿಮೆಂಟಲ್’ ಆಗುತ್ತದೆ ಎಂದು ತೆಗೆಸಿದರಂತೆ. ಹೆಣ್ಣುಮಕ್ಕಳ ಕಾಣದ ದುಡಿಮೆಯ ಬಗ್ಗೆ ಒಂದು ಪುಟ ಬರೆಯಬಹುದು, ದುಡಿದವಳ ಹೆಸರು ಬರೆದರೆ ಭಾವುಕತೆ! ಇದನ್ನು ಒಬ್ಬ ಮೇಷ್ಟರ ತಲೆತಿರುಕತನ ಎಂದು ಬಿಡಬಹುದಿತ್ತು. ಆದರೆ ಇದೊಂದು ಪದ್ಧತಿ. ನಮ್ಮ ವಿಶ್ವವಿದ್ಯಾಲಯಗಳ ಗ್ಯಾಲರಿಗಳು ಪ್ರದರ್ಶನ ಮಾಡುವುದು, ಪುಸ್ತಕ ಹೊರತರುವುದು, ಶಾಲೆಯ ಮಕ್ಕಳನ್ನು ಕರೆಸುವುದು ಎಲ್ಲವೂ ಆಗಲೇ ಬಲ್ಲವರಿಗಾಗಿ. ಬಾರದವರಿಗಾಗಿ ಬಾಗಿಲು ತೆರೆದಿಟ್ಟಿರುತ್ತಾರೆ, ಒಳಗೆ ಬಂದ ಮೇಲೆ ಮಾತಾಡಿಸುವುದಿಲ್ಲ.

ಒಂದೊಂದಾಗಿ ನೋಡೋಣ.

ಮೊದಲು ಪ್ರದರ್ಶನ. ಖಾಸಗಿ ಗ್ಯಾಲರಿಗೂ ವಿಶ್ವವಿದ್ಯಾಲಯದ ಗ್ಯಾಲರಿಗೂ ಏನು ವ್ಯತ್ಯಾಸ? ಖಾಸಗಿಯವರಿಗೆ ಚಿತ್ರ ಮಾರಬೇಕು. ಕೊಳ್ಳುವವರು ಬೆರಳೆಣಿಕೆಯಷ್ಟು ಜನ, ಅವರ ಭಾಷೆಯಲ್ಲಿ ಬರೆದರೆ ಸಾಕು. ಅದು ಅಂಗಡಿ, ಅಂಗಡಿಯ ನ್ಯಾಯ ಅದಕ್ಕಿದೆ. ವಿಶ್ವವಿದ್ಯಾಲಯದ ಗ್ಯಾಲರಿಗೆ ಮಾರುವ ಹಂಗಿಲ್ಲ. ಕಟ್ಟಡ, ದೀಪ, ವಾಚ್‌ಮನ್, ಮೇಷ್ಟರ ಸಂಬಳ ಎಲ್ಲ ಸಾರ್ವಜನಿಕರ ದುಡ್ಡು. ಅದು ಒಂದು ತರಗತಿ, ಬೀದಿಗೆ ಬಾಗಿಲಿರುವ ತರಗತಿ. ಪಾಠ ಮಾಡುವ ಹಕ್ಕಷ್ಟೇ ಅಲ್ಲ, ಪಾಠ ಮಾಡುವ ಹೊಣೆಯೂ ಅದರ ಮೇಲಿದೆ. ಆದರೆ ಅದು ನಕಲು ಮಾಡುವುದು ಅಂಗಡಿಯನ್ನೇ. ಅದೇ ಬಿಳಿ ಗೋಡೆ, ಅದೇ ಸಣ್ಣ ಅಕ್ಷರ, ಅದೇ ಇಂಗ್ಲಿಷ್. ಮಾರಾಟವಿಲ್ಲದ ಅಂಗಡಿ ಎಷ್ಟು ಅನಾಥವಾಗಿ ಕಾಣಬಹುದೋ ಅಷ್ಟು ಅನಾಥ.

ಎರಡನೆಯದು ಪ್ರಕಟಣೆ. ಆ ಗ್ಯಾಲರಿಯಲ್ಲಿ ಕ್ಯಾಟಲಾಗ್‌ಗಳನ್ನು ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರೆ. ಚೆಂದದ ಆರ್ಟ್ ಪೇಪರು, ಒಂದೊಂದರ ಬೆಲೆ ಸಾವಿರದ ಮೇಲೆ. ಕೊಳ್ಳೋಣವೆಂದು ಕೇಳಿದೆ. ಬೀರುವಿನ ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ ಎಂದರು. ಎರಡು ವಾರ ಬಿಟ್ಟು ಹೋದೆ, ಅವರು ಬಂದಿದ್ದರು, ರಸೀದಿ ಪುಸ್ತಕ ಮುಗಿದಿತ್ತು. ನಗು ಬಂತು, ಆಮೇಲೆ ಯೋಚನೆಯೂ ಬಂತು. ಈ ಪುಸ್ತಕ ಯಾರು ಓದಲಿ ಎಂದು ಅಚ್ಚಾಯಿತು? ಅನುದಾನ ಖರ್ಚಾದ ಲೆಕ್ಕ ಸಿಕ್ಕಿತು, ಬರೆದ ಮೇಷ್ಟರಿಗೆ ಒಂದು ಪ್ರಕಟಣೆ ಸಿಕ್ಕಿತು, ಬೀರುವಿಗೆ ಅಲಂಕಾರ ಸಿಕ್ಕಿತು. ಓದುಗ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಮೂರನೆಯದಕ್ಕೆ ಈಗ ‘ಔಟ್‌ರೀಚ್’ ಎಂದು ಹೆಸರು. ಅದನ್ನೂ ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಸರ್ಕಾರಿ ಶಾಲೆಯ ಐವತ್ತು ಮಕ್ಕಳು ಬಸ್ಸಿನಿಂದ ಇಳಿದರು. ಸಾಲು. ಬಾಯಿ ಮೇಲೆ ಬೆರಳು. ಅರ್ಧ ಗಂಟೆಯಲ್ಲಿ ಗ್ಯಾಲರಿ ಸುತ್ತಿಸಿ, ಹೊರಗೆ ಕೂರಿಸಿ, ‘ಸ್ವಚ್ಛತೆ’ ಎಂಬ ವಿಷಯದ ಮೇಲೆ ಚಿತ್ರ ಬರೆಸಿದರು. ಒಳಗೆ ನೋಡಿದ್ದಕ್ಕೂ ಹೊರಗೆ ಬರೆದದ್ದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಬ್ಯಾನರ್ ಮುಂದೆ ನಿಲ್ಲಿಸಿ ಫೋಟೋ ತೆಗೆದರು, ಹಾಜರಿ ಪಟ್ಟಿಗೆ ಟೀಚರ ಸಹಿ ಹಾಕಿಸಿಕೊಂಡರು. ನ್ಯಾಕ್ ತಂಡ ಬಂದಾಗ ‘ವಿಸ್ತರಣಾ ಚಟುವಟಿಕೆ’ ಎಂಬ ಫೈಲಿನಲ್ಲಿ ಆ ಫೋಟೋ ಇರುತ್ತದೆ. ಒಬ್ಬ ಹುಡುಗ ಮಾತ್ರ ಒಂದು ಶಿಲ್ಪದ ಹತ್ತಿರ ನಿಂತು “ಇದು ಒಳಗೆ ಟೊಳ್ಳೋ ಗಟ್ಟಿಯೋ?” ಎಂದು ಹಿಂದಿಯಲ್ಲಿ ಕೇಳಿದ. ಇಡೀ ದಿನದಲ್ಲಿ ಕಲೆಯ ಬಗ್ಗೆ ಹುಟ್ಟಿದ ಒಂದೇ ನಿಜವಾದ ಪ್ರಶ್ನೆ. “ಸಾಲಲ್ಲಿ ನಡೆ” ಎಂಬುದು ಅದಕ್ಕೆ ಸಿಕ್ಕ ಉತ್ತರ.

ಇದೆಲ್ಲ ಹೀಗೇ ಇರಬೇಕಾದದ್ದು, ಕಲೆ ಎಂದರೆ ನಾಲ್ಕು ಜನಕ್ಕೆ ಎಂದು ನಂಬಿದವರಿದ್ದಾರೆ. ಅವರಿಗೆ ಒಂದು ಹಳೆಯ ಕತೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಮ್ಯೂಸಿಯಂ 1683ರಲ್ಲಿ ತೆರೆಯಿತು. ಜಗತ್ತಿನ ಮೊದಲ ವಿಶ್ವವಿದ್ಯಾಲಯ ಮ್ಯೂಸಿಯಂ ಎಂದು ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. 1710ರಲ್ಲಿ ಉಫೆನ್‌ಬಾಖ್ ಎಂಬ ಜರ್ಮನ್ ವಿದ್ವಾಂಸ ಅದನ್ನು ನೋಡಲು ಹೋದ. ಅಂದು ಸಂತೆಯ ದಿನ. ಹಳ್ಳಿಯ ಗಂಡಸರು ಹೆಂಗಸರೆಲ್ಲ ಒಳಗೆ ತುಂಬಿದ್ದರು. ವಿದ್ವಾಂಸನಿಗೆ ಬಹಳ ಕಸಿವಿಸಿಯಾಯಿತು, ಆರು ಪೆನ್ನಿ ಕೊಟ್ಟರೆ ಹೆಂಗಸರನ್ನೂ ಬಿಡುತ್ತಾರೆ ಎಂದು ಗೊಣಗಿಕೊಂಡು ಬರೆದಿಟ್ಟ. ನಾನು ಆ ಕತೆಯನ್ನು ತಿರುಗಿಸಿ ಓದುತ್ತೇನೆ. ಮುನ್ನೂರು ವರ್ಷದ ಹಿಂದೆಯೇ ಸಂತೆಗೆ ಬಂದ ಹೆಂಗಸು ವಿಶ್ವವಿದ್ಯಾಲಯದ ಮ್ಯೂಸಿಯಂ ಒಳಗಿದ್ದಳು. ಹುಬ್ಬು ಗಂಟಿಕ್ಕಿದವನು ವಿದ್ವಾಂಸ. ಇಂದು ನಮ್ಮ ಗ್ಯಾಲರಿಗಳು ಯಾರಿಗಾಗಿ ನಡೆಯುತ್ತಿವೆ, ಅವಳಿಗೋ ಅವನಿಗೋ?

ಅಷ್ಟು ದೂರ ಹೋಗುವುದೂ ಬೇಡ. ಶಾಂತಿನಿಕೇತನದ ಕಲಾಭವನದಲ್ಲಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ‘ಸಂತಾಲ ಕುಟುಂಬ’ ಮಾಡಿದರು. ಗಂಡ, ಹೆಂಡತಿ, ಮಕ್ಕಳು, ಜೊತೆಗೊಂದು ನಾಯಿ, ಗಂಟುಮೂಟೆ ಹೊತ್ತು ಹೊರಟ ಕುಟುಂಬ. ಅಮೃತಶಿಲೆಯಲ್ಲಿ ಮಾಡಲಿಲ್ಲ. ಸಿಮೆಂಟು, ಅಲ್ಲಿನದೇ ಕೆಂಪು ಜಲ್ಲಿ. ಬಾಗಿಲಿಲ್ಲ, ಟಿಕೆಟಿಲ್ಲ, ಬಯಲಲ್ಲಿ ನಿಂತಿದೆ. ಸುತ್ತಲಿನ ಸಂತಾಲರೇ ಅದರ ವಸ್ತು, ಅವರ ನೆಲದ ಕಲ್ಲೇ ಅದರ ಮೈ. ಅದೇ 1938ರಲ್ಲಿ ಗುಜರಾತಿನ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯ ಮಾತಿನಂತೆ ನಂದಲಾಲ್ ಬೋಸ್ ಮತ್ತು ಸಂಗಡಿಗರು ನೂರಾರು ಫಲಕಗಳನ್ನು ಬರೆದರು. ದರ್ಜಿ, ಬಡಗಿ, ಡೋಲು ಬಡಿಯುವವನು, ಧಾನ್ಯ ಕುಟ್ಟುವ ಹೆಂಗಸು. ಹಳ್ಳಿಯಿಂದ ನಡೆದು ಬಂದವರು ದಾರಿಯಲ್ಲಿ ತಮ್ಮನ್ನೇ ಕಾಣಲಿ ಎಂಬ ಲೆಕ್ಕ. ಕಲಾಭವನದ ನಂದನ ಮೇಳದಲ್ಲಿ ಇಂದಿಗೂ ವಿದ್ಯಾರ್ಥಿಗಳೂ ಮೇಷ್ಟರೂ ತಾವು ಮಾಡಿದ್ದನ್ನು ಮಾರಲು ಅಂಗಡಿ ಹಾಕುತ್ತಾರೆ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1961ರಲ್ಲಿ ಶುರುಮಾಡಿದ ಮೇಳದಲ್ಲಿ ಕೆ.ಜಿ. ಸುಬ್ರಮಣ್ಯನ್‌ರಂಥ ದೊಡ್ಡ ಕಲಾವಿದರೇ ಕುಳಿತು ಆಟಿಕೆ ಮಾಡಿದರು, ಮಕ್ಕಳ ಪುಸ್ತಕ ಬರೆದು ಚಿತ್ರಿಸಿದರು. ಅದರಿಂದ ಅವರ ಕಲೆ ಏನೂ ಸಣ್ಣದಾಗಲಿಲ್ಲ.

ಪ್ರಕಟಣೆಗೂ ಮಾದರಿ ಬೇಕೇ? ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿರುವ ಭಾರತ ಕಲಾಭವನವನ್ನು ಕಟ್ಟಿದ ರಾಯ್ ಕೃಷ್ಣದಾಸರು ಭಾರತೀಯ ಚಿತ್ರಕಲೆ, ಮೂರ್ತಿಕಲೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಹಿಂದಿಯಲ್ಲಿ ಪುಸ್ತಕ ಬರೆದರು. ಬರೋಡಾದ ಗುಲಾಮ್ ಮೊಹಮ್ಮದ್ ಶೇಖ್ ಚಿತ್ರಕಾರರಷ್ಟೇ ಅಲ್ಲ, ಗುಜರಾತಿಯ ಮುಖ್ಯ ಕವಿ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಕಳೆದುಕೊಂಡ ಮೇಲೂ ಬಂಗಾಳಿಯಲ್ಲಿ ಬರೆದರು. ಇವರಿಗೆಲ್ಲ ಇಂಗ್ಲಿಷ್ ಬರುತ್ತಿತ್ತು. ತಮ್ಮ ಭಾಷೆಯಲ್ಲಿ ಬರೆದರೆ ವಿಚಾರ ತೆಳುವಾಗುತ್ತದೆ ಎಂದು ಅವರಿಗೆ ಅನ್ನಿಸಲಿಲ್ಲ.

ನಮ್ಮ ಕನ್ನಡಕ್ಕೆ ಬಂದರೆ ಇನ್ನೂ ನಾಚಿಕೆಯಾಗಬೇಕು. ಮೈಸೂರು ವಿಶ್ವವಿದ್ಯಾಲಯ ಸ್ವಾತಂತ್ರ್ಯಕ್ಕೆ ಮುಂಚೆಯೇ ‘ಪ್ರಚಾರೋಪನ್ಯಾಸ’ ಎಂಬ ಏರ್ಪಾಟು ಮಾಡಿತ್ತು. ಪ್ರೊಫೆಸರುಗಳು ಸಣ್ಣ ಊರುಗಳಿಗೆ ಹೋಗಿ ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬೇಕು, ಹೇಳಿದ್ದನ್ನು ವಿಶ್ವವಿದ್ಯಾಲಯ ಕಡಿಮೆ ಬೆಲೆಯ ಕಿರುಹೊತ್ತಗೆಯಾಗಿ ಅಚ್ಚುಹಾಕಬೇಕು. ‘ಔಟ್‌ರೀಚ್’ ಎಂಬ ಮಾತು ನಮ್ಮಲ್ಲಿ ಹುಟ್ಟುವ ಮೊದಲೇ ನಾವು ಅದನ್ನು ಮಾಡಿದ್ದೆವು. ನಮ್ಮಜ್ಜನ ಟ್ರಂಕಿನಲ್ಲಿ ಬಟ್ಟೆಗಳ ಅಡಿ ಅಂಥ ಎರಡು ಪುಸ್ತಕ ಇದ್ದವು. ಅಜ್ಜ ಓದಿದ್ದು ಲೋಯರ್ ಸೆಕೆಂಡರಿ. ಅದೇ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮಿವಿಲಾಸ ಅರಮನೆಯಲ್ಲಿದೆ. 1960ರ ದಶಕದ ಕೊನೆಯಲ್ಲಿ ಅದು ರೂಪುಗೊಳ್ಳುವಾಗ ಪಿ.ಆರ್. ತಿಪ್ಪೇಸ್ವಾಮಿಯವರಂಥ ಕಲಾವಿದರು ಹಳ್ಳಿಹಳ್ಳಿ ಅಲೆದು ತೊಗಲುಗೊಂಬೆ, ಸೋಮನ ಮುಖ, ಅಡುಗೆ ಪಾತ್ರೆ, ಬೇಸಾಯದ ಸಾಮಾನು ತಂದು ಅರಮನೆಯಲ್ಲಿಟ್ಟರು. ರೈತನ ಮನೆಯ ಸಾಮಾನಿಗೆ ರಾಜನ ಮನೆ! ಶಿವರಾಮ ಕಾರಂತರಿಗಂತೂ ಯಾವ ವಿಶ್ವವಿದ್ಯಾಲಯವೂ ಬೇಕಾಗಲಿಲ್ಲ. ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ಚಿತ್ರ, ಶಿಲ್ಪಗಳ ಬಗೆಗಿನ ಪುಸ್ತಕಗಳನ್ನೂ ಕೊಟ್ಟರು. ಅವರ ಕನ್ನಡದಲ್ಲಿ ಹೇಳಲಾಗದ ಕಲೆಯೇ ಇರಲಿಲ್ಲ. ಈಗ ನಮ್ಮ ಹುಡುಗಿ ತನ್ನ ಅವ್ವನ ಕೌದಿಯ ಬಗ್ಗೆ ಕನ್ನಡದಲ್ಲಿ ಬರೆದರೆ ಅದು ‘ಸೆಂಟಿಮೆಂಟಲ್’.

ಎದುರು ವಾದಗಳು ನನಗೆ ಗೊತ್ತು. ಮೊದಲನೆಯದು: ಕಲೆ ತಾನೇ ಮಾತಾಡಬೇಕು, ವಿವರಣೆ ಬೇಡ. ಒಪ್ಪಿದೆ, ಹಾಗಿದ್ದರೆ ಇಂಗ್ಲಿಷಿನ ಒಂದು ಪುಟವನ್ನೂ ತೆಗೆಯಿರಿ. ಅದನ್ನು ಇಟ್ಟುಕೊಂಡು, ಕನ್ನಡಕ್ಕೋ ಮರಾಠಿಗೋ ತೆಲುಗಿಗೋ ಬಂದಾಗ ಮಾತ್ರ ಕಲೆಯ ಮೌನ ನೆನಪಾಗುವುದು ನ್ಯಾಯವಲ್ಲ.

ಎರಡನೆಯದು: ಈ ಪರಿಭಾಷೆಗೆ ನಮ್ಮ ಭಾಷೆಗಳಲ್ಲಿ ಪದಗಳಿಲ್ಲ. ಆ ತಾಯಿ ನನ್ನ ಮುಂದೆ ಎರಡು ನಿಮಿಷದಲ್ಲಿ ಹೇಳಿದ್ದು ಇಷ್ಟು: ಯಾವ ಬಟ್ಟೆ ಯಾರದ್ದು, ಒಳಪದರಕ್ಕೆ ಮೆತ್ತಗಾದ ಹಳೆಯ ಬಟ್ಟೆಯೇ ಯಾಕೆ ಬೇಕು, ಹೊಲಿಗೆ ಅಂಚಿನಿಂದ ಶುರುವಾಗಿ ನಡುವಿಗೆ ಯಾಕೆ ಹೋಗುತ್ತದೆ, ಒಬ್ಬಳೇ ಕೂತರೆ ಎಷ್ಟು ದಿನ, ನೆರೆಯವರು ಕೂಡಿದರೆ ಎಷ್ಟು. ಗೋಡೆಯ ಮೇಲಿನ ಪುಟದಲ್ಲಿ ಇದರ ಒಂದು ಮಾತೂ ಇರಲಿಲ್ಲ. ಪದಗಳು ಇಲ್ಲದಿರುವುದು ಎಲ್ಲಿ ಹಾಗಾದರೆ?

ಮೂರನೆಯದು: ಹಣವಿಲ್ಲ, ಅನುವಾದಿಸುವವರಿಲ್ಲ. ಇದನ್ನು ಮಾತ್ರ ನಾನು ನಂಬಲಾರೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿದೆ, ದೆಹಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ. ಆಯಾ ರಾಜ್ಯದ ಭಾಷೆಯ ವಿಭಾಗವಂತೂ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಲಾವಿಭಾಗದಿಂದ ಭಾಷಾವಿಭಾಗಕ್ಕೆ ನಡೆದು ಹೋಗಲು ಹತ್ತು ನಿಮಿಷ ಬೇಕಾದೀತು. ಎಂಎ ವಿದ್ಯಾರ್ಥಿಗಳಿಗೆ ಅದನ್ನೇ ಅಭ್ಯಾಸವಾಗಿ ಕೊಡಬಹುದು. ಆ ಹತ್ತು ನಿಮಿಷವನ್ನು ಯಾರೂ ನಡೆಯುವುದಿಲ್ಲ.

ಇದರಿಂದ ಅಷ್ಟೇನು ನಷ್ಟ ಎನ್ನುವವರಿಗೆ ಬರೋಡಾವನ್ನೇ ಮತ್ತೆ ನೆನಪಿಸುತ್ತೇನೆ. 2007ರ ಮೇ ತಿಂಗಳಲ್ಲಿ ಅಲ್ಲಿನ ಲಲಿತಕಲಾ ವಿಭಾಗದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಒಬ್ಬ ವಿದ್ಯಾರ್ಥಿಯ ಕೃತಿಗಳ ಮೇಲೆ ಹೊರಗಿನವರು ನುಗ್ಗಿದರು. ವಿದ್ಯಾರ್ಥಿಯ ಬಂಧನವಾಯಿತು. ಪ್ರತಿಭಟನೆಯಾಗಿ ಸಹಪಾಠಿಗಳು ಭಾರತೀಯ ಕಲಾಪರಂಪರೆಯ ಚಿತ್ರಗಳನ್ನೇ ಇಟ್ಟು ಪ್ರದರ್ಶನ ಮಾಡಿದಾಗ, ಅದನ್ನು ಮುಚ್ಚಿಸಲು ಒಪ್ಪದ ಹಂಗಾಮಿ ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. 2022ರ ಮೇನಲ್ಲಿ ಅಲ್ಲೇ ಮತ್ತೊಬ್ಬ ವಿದ್ಯಾರ್ಥಿಯ ಕೃತಿಗಳ ಮೇಲೆ ಗಲಾಟೆಯಾಯಿತು. ಎರಡು ಸಲವೂ ತಪ್ಪು ನುಗ್ಗಿದವರದ್ದು ಮತ್ತು ವಿದ್ಯಾರ್ಥಿಯ ಬೆನ್ನಿಗೆ ನಿಲ್ಲದ ಆಡಳಿತದ್ದು, ಇದರಲ್ಲಿ ನನಗೆ ಅನುಮಾನವಿಲ್ಲ. ಲೇಬಲ್ಲು ಗುಜರಾತಿಯಲ್ಲಿದ್ದರೆ ಗಲಾಟೆ ಆಗುತ್ತಿರಲಿಲ್ಲ ಎಂದು ಹೇಳುವಷ್ಟು ಮುಗ್ಧನೂ ನಾನಲ್ಲ. ಬರೋಡಾದ ಮೇಳಕ್ಕೆ ಊರಿನವರು ಬರುತ್ತಿದ್ದರು, ಆದರೂ ಹೀಗಾಯಿತು ಎಂದು ನೀವು ಹೇಳಬಹುದು, ಅದೂ ನಿಜ. ನನ್ನ ಮಾತು ಇಷ್ಟೇ. ಕಲಾಶಾಲೆಯ ಮೇಲೆ ಕೈಯೆತ್ತುವವರು ನಾಳೆಯೂ ಇರುತ್ತಾರೆ. ಆಗ ಗೇಟಿನ ಬಳಿ ಬಂದು “ಇದು ನಮ್ಮದು, ಮುಟ್ಟಬೇಡಿ” ಎನ್ನುವ ನಾಲ್ಕು ಜನ ಊರಿನವರು ಬೇಕು. ಆ ನಾಲ್ಕು ಜನ ವರ್ಷಕ್ಕೊಂದು ಮೇಳದಿಂದ ಹುಟ್ಟುವುದಿಲ್ಲ. ವರ್ಷವಿಡೀ ಅವರನ್ನು ಒಳಗೆ ಕರೆದು, ಅವರ ಮಾತಿನಲ್ಲಿ ಮಾತಾಡಿ, ಅವರ ಪ್ರಶ್ನೆಗೆ ನಿಂತು ಉತ್ತರಿಸಿದರೆ ಹುಟ್ಟುತ್ತಾರೆ. ವಿದ್ಯಾರ್ಥಿಯ ಕೃತಿಯನ್ನು ಊರಿಗೆ ಗ್ಯಾಲರಿಯೇ ಪರಿಚಯಿಸದಿದ್ದರೆ, ಪರಿಚಯಿಸುವ ಕೆಲಸವನ್ನು ಬೇರೆಯವರು ತಮಗೆ ಬೇಕಾದಂತೆ ಮಾಡುತ್ತಾರೆ.

ಇಷ್ಟು ಹೊತ್ತು ಅವರನ್ನು ಬೈದದ್ದಾಯಿತು. ಈಗ ನಮ್ಮ ಸರದಿ.

ಈ ಪತ್ರಿಕೆ ಓದುವ ನಾವೆಲ್ಲ ಊರು ಬಿಟ್ಟವರು. ನಮ್ಮ ನಗರಗಳಲ್ಲಿ ಕನ್ನಡ ಸಂಘಗಳಿವೆ, ಕೆಲವಕ್ಕೆ ಸ್ವಂತ ಸಭಾಂಗಣಗಳಿವೆ. ರಾಜ್ಯೋತ್ಸವ ಮಾಡುತ್ತೇವೆ, ಯಕ್ಷಗಾನ ತರಿಸುತ್ತೇವೆ, ಬೆಂಗಳೂರಿನಿಂದ ಗಾಯಕರನ್ನು ಕರೆಸಿ ಶಾಲು ಹೊದಿಸುತ್ತೇವೆ. ಅದೇ ಊರಿನ ಕಲಾಶಾಲೆಯಲ್ಲಿ ಗದಗದಿಂದ, ಕಲಬುರಗಿಯಿಂದ, ಸಾಗರದಿಂದ ಬಂದ ಹುಡುಗ ಹುಡುಗಿಯರು ಹಾಸ್ಟೆಲ್ ಮೆಸ್ಸಿನಲ್ಲಿ ಉಂಡು ಚಿತ್ರ ಬರೆಯುತ್ತಿದ್ದಾರೆ ಎಂಬುದು ನಮಗೆ ಗೊತ್ತೇ ಇಲ್ಲ. ಕೆ.ಕೆ. ಹೆಬ್ಬಾರ್ ಉಡುಪಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ದೊಡ್ಡ ಕಲಾವಿದರಾದರು ಎಂದು ಭಾಷಣದಲ್ಲಿ ಹೇಳುತ್ತೇವೆ. ಮುಂದಿನ ಹೆಬ್ಬಾರರು ನಮ್ಮ ಮನೆಯಿಂದ ಎರಡು ಮೆಟ್ರೊ ಸ್ಟೇಷನ್ ಆಚೆ ಪ್ರದರ್ಶನ ಇಟ್ಟಾಗ ನಾವು ಮಾಲ್‌ನಲ್ಲಿರುತ್ತೇವೆ.

ಇನ್ನೊಂದು ಒಪ್ಪಿಗೆಯನ್ನೂ ಬರೆಯಬೇಕು. ನನ್ನಂಥವರಿಗೆ ಆ ಇಂಗ್ಲಿಷ್ ಗೋಡೆಬರಹ ಒಂದು ಸಣ್ಣ ಸುಖ ಕೊಡುತ್ತದೆ. ಅರ್ಧ ಅರ್ಥವಾದರೂ ತಲೆಯಾಡಿಸಿ ಹೊರಬರುವಾಗ, ಒಳಗಿನವರಲ್ಲಿ ನಾವೂ ಒಬ್ಬರು ಎಂಬ ಸುಖ. ಹಾಸನದ ಹೋಬಳಿ ಶಾಲೆಯಲ್ಲಿ ಕಲಿತು ಬಂದವನಿಗೆ ಅದು ಬೇಕಾಗಿತ್ತು ಅಂತಲೇ ಕಾಣುತ್ತದೆ. ಇಷ್ಟು ವರ್ಷ ಅಲ್ಲಿ ಯಾಕೆ ಬೇರೆ ಭಾಷೆಯಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ತಾಯಿ ನನ್ನನ್ನು ಓದಲು ಹೇಳದಿದ್ದರೆ ಈಗಲೂ ಕೇಳುತ್ತಿರಲಿಲ್ಲ.

ಆ ದಿನ ಏನಾಯಿತೆಂದರೆ, ನಾನೂ ಆ ಹುಡುಗಿಯೂ ಕ್ಯಾಂಟೀನಿನಲ್ಲಿ ಕೂತು ಅವಳವ್ವ ಹೇಳಿದ್ದನ್ನು ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆದೆವು. ಮೇಲೆ ಅವ್ವನ ಹೆಸರು, ಊರು. ಅದನ್ನು ಗೋಡೆಗೆ ಹಚ್ಚಬಹುದೇ ಎಂದು ಗ್ಯಾಲರಿಯ ಉಸ್ತುವಾರಿಯವರನ್ನು ಕೇಳಿದೆವು. ಅವರು ಬಹಳ ಮರ್ಯಾದೆಯಿಂದ, ಡಿಸೈನ್ ಕೆಡುತ್ತದೆ, ಪಾಲಿಸಿಯೂ ಇಲ್ಲ ಎಂದರು. ಆಮೇಲೆ ಏನನ್ನಿಸಿತೋ, ಬೇಕಾದರೆ ವಾಚ್‌ಮನ್ ಟೇಬಲ್ ಮೇಲೆ ಇಡಿ ಎಂದರು. ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ನಲವತ್ತು ಪ್ರತಿ ಮಾಡಿಸಿ ಇಟ್ಟೆವು.

ಮುಂದಿನ ಶನಿವಾರ ಹೋದಾಗ ಹಾಳೆಗಳು ಬಹುತೇಕ ಹಾಗೇ ಇದ್ದವು. ಆ ಊರಿನಲ್ಲಿ ಕನ್ನಡ ಓದುವವರು ಎಷ್ಟು ಜನ ಬಂದಾರು? ಆದರೆ ವಾಚ್‌ಮನ್ ನನ್ನನ್ನು ಗುರುತು ಹಿಡಿದು ಕರೆದ. “ಸಾಬ್, ಇದನ್ನು ಹಿಂದಿಯಲ್ಲಿ ಬರೆದುಕೊಡಿ. ಎಲ್ಲರೂ ಇದೇನು ಅಂತ ನನ್ನನ್ನೇ ಕೇಳುತ್ತಾರೆ. ಇಂಗ್ಲಿಷ್ ನನಗೂ ಬರುವುದಿಲ್ಲ.” ಆರು ವರ್ಷದಿಂದ ಆ ಬಾಗಿಲಲ್ಲಿ ಕೂತವನು. ಬರುವ ಪ್ರತಿಯೊಬ್ಬರೂ ಮೊದಲು ಮಾತಾಡಿಸುವುದು ಅವನನ್ನು. ಇಡೀ ವಿಶ್ವವಿದ್ಯಾಲಯದಲ್ಲಿ ಪ್ರೇಕ್ಷಕರ ಪ್ರಶ್ನೆಗಳನ್ನು ಬಲ್ಲ ಒಬ್ಬನೇ ಮನುಷ್ಯ. ಅವನಿಗೆ ಗ್ಯಾಲರಿ ಕಲಿಸಿದ್ದು ಒಂದೇ ಮಾತು, ‘ಮುಟ್ಟಬೇಡಿ’. ಅಲ್ಲೇ ಕೂತು ಹಿಂದಿಯಲ್ಲಿ ಬರೆದುಕೊಟ್ಟೆ. ನನ್ನ ಹಿಂದಿಯ ಲಿಂಗದೋಷಗಳನ್ನು ಅವನೇ ತಿದ್ದಿದ.

ವಿಶ್ವವಿದ್ಯಾಲಯಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಗೋಡೆಯ ಮೇಲೆ ಇಂಗ್ಲಿಷಿನ ಜೊತೆ ಆ ರಾಜ್ಯದ ಭಾಷೆ ಇರಲಿ, ಕೃತಿ ಹುಟ್ಟಿದ ಭಾಷೆ ಬೇರೆಯಾದರೆ ಅದೂ ಇರಲಿ. ಸಾವಿರ ರೂಪಾಯಿಯ ಕ್ಯಾಟಲಾಗ್ ಬೇಕಾದರೆ ಮಾಡಿಕೊಳ್ಳಲಿ, ಜೊತೆಗೆ ಒಂದು ಚಹಾದ ಬೆಲೆಗೆ ಹದಿನಾರು ಪುಟದ ಹೊತ್ತಗೆಯನ್ನೂ ಮಾಡಲಿ, ಅದನ್ನು ಬೀರುವಿನ ಹೊರಗಿಡಲಿ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಐವತ್ತು ಜನ ಕರೆಯುವ ಬದಲು ಐದೈದು ಜನರಂತೆ ಹತ್ತು ಸಲ ಕರೆಯಲಿ, ಟೊಳ್ಳೋ ಗಟ್ಟಿಯೋ ಎಂದು ಕೇಳಿದವನಿಗೆ ತಟ್ಟಿ ನೋಡಲು ಒಂದು ಮಾದರಿ ಕೊಡಲಿ. ವಾಚ್‌ಮನ್‌ಗೆ ಪ್ರತಿ ಪ್ರದರ್ಶನದ ಮೊದಲ ದಿನ ಕಲಾವಿದರೇ ಅರ್ಧ ಗಂಟೆ ತಮ್ಮ ಕೆಲಸ ವಿವರಿಸಲಿ. ಯಾರ ಕೈ ಕೆಲಸ ಮಾಡಿದೆಯೋ ಅವರ ಹೆಸರು ಬರೆಯಲಿ.

ನಮ್ಮಿಂದ ಕೇಳುವುದು ಅದಕ್ಕಿಂತ ಸಣ್ಣದು. ಈ ಶನಿವಾರ ನಿಮ್ಮ ಊರಿನ ಕಲಾಶಾಲೆಯ ಗ್ಯಾಲರಿಗೆ ಹೋಗಿ. ಲೇಬಲ್ಲುಗಳಲ್ಲಿ ನಮ್ಮ ಕಡೆಯ ಹೆಸರು ಹುಡುಕಿ, ಸಿಕ್ಕರೆ ಮಾತಾಡಿಸಿ, ಊಟಕ್ಕೆ ಕರೆಯಿರಿ. ಬರೆಯುವವರು ಬರೆದುಕೊಡಿ, ಅನುವಾದ ಬಲ್ಲವರು ಮಾಡಿಕೊಡಿ. ಸಂದರ್ಶಕರ ಪುಸ್ತಕದಲ್ಲಿ ‘ನೈಸ್’ ಎಂದು ಗೀಚಿ ಬರುವ ಬದಲು, ನಮ್ಮ ಭಾಷೆ ಎಲ್ಲಿ ಎಂದು ಕನ್ನಡದಲ್ಲೇ ಬರೆದು ಬನ್ನಿ. ಅವರಿಗೆ ಅದನ್ನು ಯಾರಿಂದಲಾದರೂ ಓದಿಸಿಕೊಳ್ಳಬೇಕಾಗುತ್ತದೆ. ಓದಲು ಬಾರದ ಬರಹದ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೂ ಒಂದು ಗಳಿಗೆ ಗೊತ್ತಾಗಲಿ.

ಪ್ರದರ್ಶನ ಮುಗಿದ ದಿನ ಕೌದಿಗಳನ್ನು ಇಳಿಸಲು ನಾನೂ ಹೋಗಿದ್ದೆ. ಅವ್ವ ಊರಿಗೆ ಮರಳಿಯಾಗಿತ್ತು. ಐದನ್ನು ಹುಡುಗಿ ಟ್ರಂಕಿಗೆ ಹಾಕಿದಳು. ಕೆಂಪನೆಯದನ್ನು ಮಾತ್ರ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. “ಇದನ್ನ ವಾಪಸ್ ತಾ ಅಂದಾಳ ಅಣ್ಣಾ. ಅಕ್ಕಗ ಈಗ ಏಳು ತಿಂಗಳು.”